ಮರಿಜೇಬು

ಪುಸೆಲೆತ್ಸೊ ಹೊಲಿಯುವುದು ಜೀನ್ಸಿನ ಮರಿಜೇಬು ಮಾತ್ರ:
ಬಲಗಡೆ, ದೊಡ್ಡ ಜೇಬಿನ ಬಾಯೊಳಗೆ,
ಎರಡು ಬೆರಳೂ ಹಿಡಿಸದ್ದು.
ಯಾಕಿದೆಯೆಂದು ಹನ್ನೊಂದು ವರ್ಷ ಅವಳೂ ಕೇಳಿಲ್ಲ,
ತೊಡುವವರೂ ಕೇಳಿರಲಿಕ್ಕಿಲ್ಲ.

ಮಸೇರುವಿನ ಚಳಿ. ಕಂಬಳಿ ಹೊದ್ದೇ ಕೂತ ಸಾಲು.
ಮಂಗಳವಾರ ರೇಡಿಯೊ ಒಂದು ಅಂಕಿ ಹೇಳಿತು,
ಶೇಕಡಾ ಇಷ್ಟು.
ಸೂಪರ್‌ವೈಸರ್ ಅದನ್ನು ಹಲಗೆಯ ಮೇಲೆ ಬರೆದ,
ಒರೆಸಿದ, ಮತ್ತೆ ಬರೆದ,
ಚೌಕಾಸಿಗೆ ಬಗ್ಗೀತೇನೋ ಎಂಬಂತೆ.

"ಅವರಿಗೆ ನಾವೇನು ಮಾಡಿದ್ದೆವು?" ಎಂದಳು ರೆಲೆಬೊಹಿಲೆ.
"ಪ್ಯಾಂಟು," ಎಂದಿತು ಹಿಂದಿನ ಸಾಲಿನ ಯಾವುದೋ ದನಿ.
ಯಾರೂ ನಗಲಿಲ್ಲ.
ಆಮೇಲೆ ಎಲ್ಲರೂ ನಕ್ಕರು.

ಡರ್ಬನ್ ಬಂದರಿನಲ್ಲಿ ನಿಂತುಬಿಟ್ಟ ಕಂಟೇನರಿನಲ್ಲಿ
ಅವಳ ಇಡೀ ಮೇ ತಿಂಗಳಿದೆ,
ಮಗಳ ಶಾಲೆಯ ಬೂಟಿದೆ.

ಶುಕ್ರವಾರ, ಕೊನೆಯ ಗಂಟೆಗೆ ಮುಂಚೆ,
ಒಂದೇ ಒಂದು ಪ್ಯಾಂಟಿನ ಮರಿಜೇಬಿಗೆ
ಎಡಕ್ಕೆ, ಕೆಳಕ್ಕೆ, ಬಲಕ್ಕೆ ಹೊಲಿದು
ಬಾಯಿಗೂ ಹಾಕಿದಳು ಹೊಲಿಗೆ.
ದಾರ ಹಲ್ಲಲ್ಲೇ ಕಡಿದಳು.
ರೆಲೆಬೊಹಿಲೆ ನೋಡಿದಳು. ತಪಾಸಣೆಯ ಮೇಜು ನೋಡಲಿಲ್ಲ.

ಎಲ್ಲೋ, ಸುಂಕ ಸೇರಿಸಿಯೇ ಕೊಂಡವನೊಬ್ಬ
ಉಳಿದ ಚಿಲ್ಲರೆ ಇಡಹೋಗಿ
ಉಗುರಿನಿಂದ ಕೆರೆಯುತ್ತಾನೆ.