ಮರಳು ಬಲ್ಲ ಗಾಲಿ

ದುಬೈಯಿಂದ ಹಡಗು, ಹಡಗಿನಿಂದ ರೈಲು,
ರೈಲಿನಿಂದ ಬಿಷ್ಕೆಕ್ಕಿನ ಸಂತೆಗೆ ಇಳಿದ ಗಾಡಿ.
ಬಿಳಿ ಬಣ್ಣ. ಎತ್ತರದ ಮೈ. ಸೀಟಿನ ಸಂದಿಯಲ್ಲಿ
ಯಾರೋ ಉಗಿದ ಖರ್ಜೂರದ ಬೀಜ, ಒಂದು ಹಿಡಿ ಮರಳು.
ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲವಿದೆ ಅಕ್ಕ,
ಗೋಡೆ ಹತ್ತುತ್ತೆ, ಅಂದ ಮಾರುವವನು.
ಅಂದದ್ದು ಸುಳ್ಳಲ್ಲ.
ಇಳಿಯುವ ಮಾತು ಅವನೂ ಎತ್ತಲಿಲ್ಲ,
ನಾನೂ ಕೇಳಲಿಲ್ಲ.

ನಾನು ಹಲ್ಲಿನ ಡಾಕ್ಟರು. ಗುರುವಾರ ಗುರುವಾರ
ನರಿನ್‌ನಿಂದ ದೊಲೋನ್ ಘಟ್ಟ ದಾಟಿ ಕೊಚ್ಕೋರಿಗೆ,
ಹಿಂದಿನ ಸೀಟಿನಲ್ಲಿ ಇಕ್ಕಳ, ಹತ್ತಿ, ಮರಗಟ್ಟಿಸುವ ಮದ್ದು.
ದವಡೆಹಲ್ಲು ಸವೆದದ್ದು ನೋಡಿದರೆ ಸಾಕು,
ಎಷ್ಟು ವರ್ಷ ಒಣರೊಟ್ಟಿ ಕಡಿದಿದೆ ಈ ಬಾಯಿ
ಅಂತ ಹೇಳಬಲ್ಲೆ.
ನನ್ನ ಗಾಡಿಯ ಬಾಯಿ ಮಾತ್ರ
ತೆರೆದು ನೋಡಿದವಳಲ್ಲ.

ನವೆಂಬರದ ಮೊದಲ ಹಿಮ.
ಹತ್ತುವಾಗ ಏನು ಠೀವಿ! ದಾರಿಬದಿಯಲ್ಲಿ
ಮಂಡಿಯೂರಿ ಚೈನು ಬಿಗಿಯುತ್ತಿದ್ದ ಲಾರಿಯವರಿಗೆ
ಹಾರ್ನ್ ಬಾರಿಸಿ ಹೋದೆ, ನಾಚಿಕೆಗೇಡು.
ನೆತ್ತಿ ದಾಟಿ ಮೊದಲ ತಿರುವು.
ಬ್ರೇಕ್ ಒತ್ತಿದೆ.
ಕಾಲಡಿ ಅದು ಗಡಗಡ ನಡುಗಿತು,
ಗಾಡಿ ಮಾತ್ರ ತನ್ನ ಪಾಡಿಗೆ ತಾನು
ಹೋಗುತ್ತಲೇ ಇತ್ತು.
ಜೋರಾಗಲ್ಲ; ಮದುವೆಮನೆಗೆ ಬಂದ ಬೀಗಿತ್ತಿಯ ಹಾಗೆ
ಗಂಭೀರವಾಗಿ, ಅಡ್ಡಡ್ಡ.
ಸ್ಟೇರಿಂಗು ಬಲಕ್ಕೆ ತಿರುಗಿಸಿದರೆ
ಬಲಕ್ಕೆ ನೋಡುತ್ತಿತ್ತು, ಎಡಕ್ಕೆ ಸರಿಯುತ್ತಿತ್ತು.
ಸದ್ದೇ ಇಲ್ಲ. ಹೆದರಿಕೆ ಅದೇ.
ಕೀಳುವ ಹಲ್ಲಿಗಾದರೂ ಒಂದು ಸದ್ದಿರುತ್ತೆ.

ಹಿಮ ಗೋರುವವರು ಒಟ್ಟಿದ್ದ ದಿಬ್ಬಕ್ಕೆ
ಮೂತಿಯಿಟ್ಟು ನಿಂತಿತು ಕೊನೆಗೆ.
ದಿಬ್ಬದಾಚೆ ಏನಿತ್ತು ಅಂತ ನೋಡಲಿಲ್ಲ.
ನೋಡಿದೆ. ಏನೂ ಇರಲಿಲ್ಲ.

ಹಿಂದಿನಿಂದ ಬಂತು ಸೋವಿಯತ್ ಕಾಲದ್ದೊಂದು ಝಿಗುಲಿ,
ಎರಡೇ ಚಕ್ರಕ್ಕೆ ಬಲ, ತಲೆ ಮೇಲೆ ಆಲೂಗಡ್ಡೆ ಮೂಟೆ,
ತಿರುವಿನಲ್ಲಿ ಟಕ್ ಟಕ್ ಟಕ್ ಅನ್ನುತ್ತ ನಿಧಾನಿಸಿ
ನನ್ನ ಪಕ್ಕ ನಿಂತಿತು.
ನಿಂತಿತು! ಆ ಮೂರಕ್ಷರದ ಬೆಲೆ
ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.
ಅಜ್ಜಿಯೊಬ್ಬಳು ಗಾಜು ಇಳಿಸಿ, ನನ್ನ ಗಾಲಿ ನೋಡಿ,
"ಬೇಸಿಗೆಯ ಚಪ್ಪಲಿ ಮೆಟ್ಟಿ ಬಂದಿದ್ದೀಯಲ್ಲೇ ಮಗಳೇ" ಅಂದಳು.

ಕೊಚ್ಕೋರಿನ ಅಂಚಿಗೆ ಸಾತರ್ಕುಲನ ಟೈರಂಗಡಿ.
ಅವನಪ್ಪ ಕುದುರೆಗೆ ಲಾಳ ಕಟ್ಟುತ್ತಿದ್ದವನು,
ಬೇಸಿಗೆಗೊಂದು ಲಾಳ, ಹಿಮಕ್ಕೆ ಮೊಳೆಮೂತಿಯದೊಂದು.
ಮಗನ ಕೈಗೆ ಕುದುರೆ ಹೋಗಿ ರಬ್ಬರು ಬಂದಿದೆ, ಅಷ್ಟೇ.
ಗಾಲಿಗೆ ಉಗುರು ಒತ್ತಿದ. ಗುರುತು ಬೀಳಲಿಲ್ಲ.
"ಮರಗಟ್ಟಿದೆ ಡಾಕ್ಟರೇ. ಚಳಿಗೆ ಕಲ್ಲಾಗುವ ಜಾತಿ ಇದು."
ಗೋಡೆಗೊರಗಿದ್ದ ಚಳಿಗಾಲದ ಗಾಲಿಗೆ ಒತ್ತಿದ:
ಹೊಸ ರೊಟ್ಟಿಯ ಹಾಗೆ ತಗ್ಗಿತು.
ಮೈತುಂಬ ಕೂದಲೆಳೆಯಂಥ ಸೀಳು, ಸಾವಿರ,
ಒಂದೊಂದೂ ಹಿಮವನ್ನು ಕಚ್ಚಿ, ಬಿಟ್ಟು,
ಮತ್ತೆ ಕಚ್ಚುವ ಬಾಯಿ;
ನಡುನಡುವೆ ಉಕ್ಕಿನ ಕೋರೆ.

"ಎರಡು ಟನ್ ತೂಕ," ಅಂದ, "ನೆಲ ಮುಟ್ಟುವುದು ಎಷ್ಟು ಗೊತ್ತೆ?"
ಎಣ್ಣೆಕಪ್ಪಿನ ಅಂಗೈಯನ್ನು ಹಿಮದ ಮೇಲೆ ಊರಿದ,
ನಾಲ್ಕು ಸಲ. ನಾಲ್ಕು ಗುರುತು.
"ಇಷ್ಟೇ. ನೀವು, ನಿಮ್ಮ ಎಂಜಿನ್ನು, ನಿಮ್ಮ ಗುರುವಾರ,
ಎಲ್ಲ ಈ ನಾಲ್ಕು ಅಂಗೈ ಮೇಲೆ."

ಮುಂದಿನ ಎರಡಕ್ಕೆ ಮಾತ್ರ ಹಾಕು, ಅಂತ ಚೌಕಾಸಿಗಿಳಿದೆ.
"ಬರೀ ಮೇಲ್ದವಡೆಗೆ ಹಲ್ಲು ಕಟ್ಟಿಸಿ
ಏನು ಅಗಿಯುತ್ತೀರಿ?" ಅಂದ.
ಅರ್ಧ ದುಡ್ಡು ಕೊಟ್ಟೆ.
ಉಳಿದರ್ಧಕ್ಕೆ ಅವನ ಹೆಂಡತಿಯ ಎರಡು ದವಡೆಹಲ್ಲು.

ಬಿಚ್ಚಿ ಉರುಳಿಸಿದ ಗಾಲಿಗಳ ಒಳಸುತ್ತಿನಿಂದ
ಇನ್ನೂ ಉದುರುತ್ತಿತ್ತು, ಹಿಮದ ಮೇಲೆ, ಕೆಂಪಗೆ.
ಮರಳು ಬಲ್ಲ ಗಾಲಿ ಅದು.
ಮರಳುವುದು ಗೊತ್ತಿಲ್ಲ.

ಸಂಜೆ ಘಟ್ಟ ಇಳಿದೆ, ಟಕ್ ಟಕ್ ಟಕ್.
ಯಾರೂ ಇಲ್ಲದ ಕಡೆ, ಕಾರಣವಿಲ್ಲದೆ,
ಒಮ್ಮೆ ಬ್ರೇಕ್ ಒತ್ತಿದೆ.
ನಿಂತಿತು.
ಹೊರಟೆ. ಸ್ವಲ್ಪ ದೂರ ಹೋಗಿ
ಮತ್ತೆ ಒತ್ತಿದೆ.