ನೂರಾ ಹದಿನೇಳನೆಯ ಪುಟ

ಎರವಲು ಪುಸ್ತಕ ಒಂದೇ, ಓದುವವರು ಆರು ಜನ.
ಬೆಳಗಾದರೆ ಕೊರಿಯರ್‌ನಲ್ಲಿ ವಾಪಸ್ಸು ಹೋಗಬೇಕು.
ಹಾಗಾಗಿ ಶನಿವಾರ ರಾತ್ರಿ, ಷಟರ್ ಅರ್ಧ ಎಳೆದ ಮೇಲೆ,
ನನ್ನ ಅಂಗಡಿಯ ಹಳೇ ಜೆರಾಕ್ಸ್ ಮೆಶೀನು
ಅಕೋಸುವಾಳನ್ನು ಆರು ಸಲ ಹೆತ್ತಿತು,
ಬೆಚ್ಚಗೆ, ಒಂದೊಂದೇ ಪುಟವಾಗಿ.

ಸಾಲಗಾಮೆ ರಸ್ತೆಯ ಹಲ್ಲಿನ ಕ್ಲಿನಿಕ್ಕು. ಭಾನುವಾರ ರಜೆ.
ರೋಗಿಗಳು ಕಾಯುವ ಬೆಂಚಿನ ಮೇಲೆ ನಾವು,
ಗೋಡೆಗೆ ದವಡೆಯ ಪಟ, ಕೈಯಲ್ಲಿ ಚುರುಮುರಿಯ ಪೊಟ್ಟಣ.
ಭಾನುವಾರ ಹುಟ್ಟಿದ ಹೆಣ್ಣಿಗೆ
ಅವರ ಕಡೆ ಅಕೋಸುವಾ ಅಂತಾರಂತೆ.
'ನಮ್ಮಜ್ಜಿ ಮಂಗಳವಾರ ಸಂತೇಲಿ ಹುಟ್ಟಿದ್ದು,
ಸಂತವ್ವ ಅಂತ್ಲೇ ಇಟ್ರು' ಅಂದರು ಕಂಡಕ್ಟರ್ ಚೆಲುವರಾಜು.
ಅಲ್ಲಿಂದಾಚೆ ಆ ಹುಡುಗಿ ಅವರಿಗೆ ನೆಂಟಳು.

ಬೇಯಿಸಿ, ಕುಟ್ಟಿ, ಉಂಡೆ ಮಾಡಿ, ಸಾರಿಗದ್ದಿ ನುಂಗುವ
ಪುಟ ಬಂತು. ಗೆದ್ದವರಂತೆ ಕೂಗಿದೆವು: ಮುದ್ದೆ!
ಜಬೀನಾ ಟೀಚರ್ ಕನ್ನಡಕ ತೆಗೆದು ಒರೆಸಿದರು.
'ಅದು ಮರಗೆಣಸು. ಅದಕ್ಕೆ ಅದರದ್ದೇ ಹೆಸರಿದೆ.
ಕಂಡದ್ದನ್ನೆಲ್ಲ ಮುದ್ದೆ ಮಾಡಬೇಡಿ.'

ನಿಜ, ಅವಳು ಸುಲಭಕ್ಕೆ ಸಿಗುವವಳಲ್ಲ.
ಅವಳ ಸಮುದ್ರ ನಮಗಿಲ್ಲ. ಮೀನಿಗೆ ಹೊಗೆ ಹಾಕುವ ಅಮ್ಮ
ಓದಲೆಂದು ಅವಳನ್ನು ಅಕ್ರಾಕ್ಕೆ, ಚಿಕ್ಕಮ್ಮನ ಮನೆಗೆ ಕಳಿಸಿದಳು;
ಅಲ್ಲಿ ಪುಸ್ತಕಕ್ಕಿಂತ ಪಾತ್ರೆ ಹೆಚ್ಚು.
ಮೆಡಿಕಲ್ ಶಾಪಿನ ಲೋಹಿತಾಶ್ವ ಇಂಗ್ಲಿಷ್ ಸಾಲಿಗೆ ಬೆರಳಿಟ್ಟು
ಔಷಧಿ ಚೀಟಿಯಂತೆ ಓದುತ್ತಾನೆ,
ಅರ್ಥವಾಗದ ಕಡೆ ಮರ್ಯಾದೆಯಿಂದ ನಿಲ್ಲುತ್ತಾನೆ.

ನೂರಾ ಹದಿನಾರರ ಕೊನೆಗೆ
ಅವಳು ಚಿಕ್ಕಮ್ಮನ ಬೀರುವಿನ ಮುಂದಿದ್ದಾಳೆ, ಕೈಯಲ್ಲಿ ಕೀಲಿಕೈ.
ನೂರಾ ಹದಿನೆಂಟರಲ್ಲಿ ಬಸ್ಸಿನಲ್ಲಿದ್ದಾಳೆ, ಬರಿಗಾಲು.
ನಡುವಿನ ಪುಟ ಯಾರ ಪ್ರತಿಯಲ್ಲೂ ಇಲ್ಲ.
'ಮೆಶೀನು ಮುದ್ದೆ ಮಾಡಿಬಿಡ್ತು' ಅಂದೆ.

'ದುಡ್ಡು ತಗೊಂಡಿಲ್ಲ' ಅಂದರು ಚೆಲುವರಾಜು,
'ಟಿಕೆಟ್ಟಿಲ್ಲದೆ ಹತ್ತಿದಾಳೆ. ಅಂಥೋರು ಹೆಂಗೆ ಕೂರ್ತಾರೆ
ನಂಗೊತ್ತಿಲ್ವ, ಸೀಟಿನ ತುದೀಲಿ.'
'ಏಟು ಬಿದ್ದಿದೆ' ಅಂದರು ಡಾಕ್ಟರ್ ಸೌಗಂಧಿಕಾ,
'ಬಸ್ಸಲ್ಲಿ ಬ್ರೆಡ್ ತಿಂತಾಳೆ, ಬಲಗಡೆ ಅಗಿಯಲ್ಲ, ನೋಡಿ.'
ಟೀಚರ್ ಮೆಲ್ಲಗೆ: 'ಕೀಲಿಕೈ ವಾಪಸ್ ಇಟ್ಟಿರ್ತಾಳೆ.
ಅಷ್ಟಕ್ಕೇ ಒಂದು ಪುಟ ಬೇಕಾಗುತ್ತೆ.'
ಸರ್ವೆ ಇಲಾಖೆಯಲ್ಲಿ ನಾಡೆಲ್ಲ ಅಳೆದು ಬಂದ ದ್ಯಾವಪ್ಪನವರು
'ನಾನು ಮನೆ ಬಿಟ್ಟಾಗ ಒಂಬತ್ತನೇ ಕ್ಲಾಸು' ಅಂದು,
ಮುಂದೇನೂ ಅನ್ನದೆ, ಕಡಲೆಬೀಜ ಆರಿಸುತ್ತ ಕೂತರು.

ವರ್ಷಕ್ಕೊಮ್ಮೆ ಬಾಗಿಲು ತೆರೆವ ದೇವಿಯ ಊರು ನಮ್ಮದು.
ಮುಚ್ಚಿದ ಮೇಲೂ ಒಳಗೆ ದೀಪ ಉರಿಯುತ್ತದೆಂದು
ನಂಬಿ ಬೆಳೆದವರಿಗೆ
ಇಲ್ಲದ ಪುಟವನ್ನು ಓದುವುದೇನು ಕಷ್ಟ.

ಮೆಶೀನು ಪಾಪ, ಏನೂ ಮಾಡಿಲ್ಲ.
ಆ ಪುಟ ನನ್ನ ಗಲ್ಲಾದಲ್ಲಿದೆ, ಚಿಲ್ಲರೆಯ ಕೆಳಗೆ.
ಬೀರು ತೆರೆದವಳು ದುಡ್ಡಿನ ಕಡೆ ನೋಡುವುದೂ ಇಲ್ಲ.
ಚಿಕ್ಕಮ್ಮ ಬಚ್ಚಿಟ್ಟ ತನ್ನ ಅಂಕಪಟ್ಟಿ ಎತ್ತಿಕೊಂಡು
ನಾಲ್ಕು ಮಡಿಕೆ ಮಡಚಿ, ಅಂಗಿಯೊಳಗಿಟ್ಟು,
ಚಪ್ಪಲಿ ಸದ್ದಾದೀತೆಂದು ಅಲ್ಲೇ ಬಿಟ್ಟು ಹೊರಡುತ್ತಾಳೆ.
ಅಷ್ಟೇ.

ತೊಂಬತ್ತೊಂಬತ್ತರಲ್ಲಿ, ಇದೇ ಊರಿನಲ್ಲಿ,
ಸೋದರಮಾವನ ಬೀರುವಿನ ಮುಂದೆ ನಾನೂ ನಿಂತಿದ್ದೆ.
ಕೀಲಿಕೈ ಕೈಯಲ್ಲೇ ಇತ್ತು, ಹಿಡಿದು ಹಿಡಿದು ಬಿಸಿಯಾಗಿತ್ತು.
ಅಡುಗೆಮನೆಯಿಂದ ಯಾರೋ ಕೂಗಿದರು.
'ಬಂದೆ' ಅಂದೆ.
ಇನ್ನೂ ಬರುತ್ತಲೇ ಇದ್ದೇನೆ.
ಈಗ ದಿನಕ್ಕೆ ನೂರು ಮಕ್ಕಳ ಅಂಕಪಟ್ಟಿ
ನನ್ನ ಕೈಯಿಂದ ದಾಟುತ್ತದೆ, ಪ್ರತಿಗೆ ಎರಡು ರೂಪಾಯಿ.

ಮುಂದಿನ ಭಾನುವಾರ ಕೊನೆಯ ಅಧ್ಯಾಯ.
ಚುರುಮುರಿ ತರುವ ಸರದಿ ನನ್ನದು.
ಪೊಟ್ಟಣಕ್ಕೆ ಕಾಗದ ಬೇಕಲ್ಲ:
ಆರು ಹಾಳೆ ಇವೆ, ಆರು ಜನ.
ತಿಂದಾದ ಮೇಲೆ, ಎಣ್ಣೆ ಇಳಿದ ಕಾಗದ ಬಿಡಿಸಿ
ಯಾರಾದರೂ ಓದಿದರೆ ಓದಲಿ.