ಚೆಕ್ಕುಬಂದಿ

ಸಿದ್ದಾಪುರದ ಪಂಚಾಯಿತಿ ಗ್ರಂಥಾಲಯಕ್ಕೆ
ಅಚ್ಚಯ್ಯನವರ ಸಮಗ್ರ ಬರಹ ಬಂದು ಮೂರು ವಾರ.
ಐದು ಸಂಪುಟ. ಬೆನ್ನಿಗೆ ಚೀಟಿ ಅಂಟಿಸಿಲ್ಲ ನಾನಿನ್ನೂ.
ತತ್ತ್ವಶಾಸ್ತ್ರದ ಕಪಾಟೋ, ಕಾಫಿ ಕೃಷಿಯದೋ,
ಗೆದ್ದಲು ಹಿಡಿದ ಕೆಳಗಿನ ಸಾಲೋ?

ಎರಡನೆಯ ಸಂಪುಟ, ಪುಟ ನೂರಾ ಹನ್ನೊಂದು:
“ನೆರಳು ಕೊಡುವ ಮರ ಬೇರೆ, ನೆರಳಲ್ಲಿ ಬೆಳೆಯುವ ಗಿಡ ಬೇರೆ.
ಮನುಷ್ಯರಲ್ಲೂ ಹಾಗೆಯೇ.
ಪೂರಾ ಬಿಸಿಲು ಕೊಟ್ಟರೆ ಸುಡುವುದು ಗಿಡವೇ.”
ವಾಕ್ಯ ಚೆನ್ನಾಗಿದೆ. ಅದೇ ತೊಂದರೆ.

ಸೋಲಾರ್ ಬೇಲಿ ರಿಪೇರಿಯ ಮೊಯ್ದು
ಪೇಪರಿಂದ ಕಣ್ಣೆತ್ತದೆ ಹೇಳಿದ:
“ಬರೆದದ್ದು ಬಿಡಿ ಮೇಡಂ, ಆದದ್ದು ನೋಡಿ.
ತಂತಿ ಯಾವ ಕಂಪನಿಯದೆಂದು ಆನೆ ಕೇಳೋದಿಲ್ಲ,
ಕರೆಂಟು ಹೊಡೀತದಾ ಇಲ್ವಾ, ಅಷ್ಟೆ.
ಹಾಡಿಯ ನಲವತ್ತೊಂದು ಮನೆಗೆ ಹಕ್ಕುಪತ್ರ
ಯಾರ ಅರ್ಜಿಯಿಂದ ಬಂತು?
ಸಮಾನತೆ ಅಂತ ಮೈಕಿನಲ್ಲಿ ಕೂಗಿದವರು
ಮಡಿಕೇರಿ ಆಫೀಸಿಗೆ ಒಂದು ಸಲವಾದರೂ ಬಸ್ಸು ಹತ್ತಿದರಾ?”

ದೇಚಮ್ಮ ಟೀಚರ್ ಕನ್ನಡಕ ಒರೆಸಿಕೊಂಡರು.
ಅವರು ಕನ್ನಡಕ ಒರೆಸಿದರೆ ಏನು ಬರುತ್ತದೆಂದು
ಊರಿಗೆಲ್ಲ ಗೊತ್ತು.
“ಬೇಲಿ ಕೆಲಸ ಮಾಡ್ತದೆ, ಸರಿ.
ಕಂಬ ನೆಟ್ಟದ್ದೆಲ್ಲಿ? ಒಳಗೆ ಯಾರು, ಹೊರಗೆ ಯಾರು?
ನಿನ್ನ ಮೀಟರು ಅದನ್ನು ತೋರಿಸೋದಿಲ್ಲ.”
ಮೊಯ್ದು ನಕ್ಕ: “ಕಂಬದ ಜಾಗ ಹೇಳೋದು ಮಾಲೀಕರು.”
“ನಾನೂ ಅದನ್ನೇ ಹೇಳಿದ್ದು.”

ನಾನು ಬಾಯಿ ಹಾಕಲಿಲ್ಲ.
ಈ ಕುರ್ಚಿಗೆ ನನ್ನನ್ನು ತಂದದ್ದೂ ಅವರ ಶಿಫಾರಸು,
ಹಸಿರು ಶಾಯಿ, ಬಲಕ್ಕೆ ವಾಲಿದ ಅಕ್ಷರ:
“ಈ ಹುಡುಗಿ ವಿಧೇಯಳು.”
ಹದಿನಾರು ವರ್ಷ ಅನ್ನ ಹಾಕಿದೆ ಆ ಪದ,
ಗಂಟಲಲ್ಲಿ ಸಿಕ್ಕಿಕೊಂಡೂ ಇದೆ.

ನಾಲ್ಕೂವರೆಗೆ ಪಾಲಿ ಬಂದಳು,
ಪ್ಲಾಸ್ಟಿಕ್ ಕವರಿನಲ್ಲಿ ಹಕ್ಕುಪತ್ರ.
ಮೆಣಸಿನ ಬಳ್ಳಿ ಪುಕ್ಕಟೆ ಕೊಡುತ್ತಾರಂತೆ, ಜೆರಾಕ್ಸ್ ಬೇಕು.
ಗಾಜಿನ ಮೇಲಿಡುವಾಗ ಲಗತ್ತಿನ ಹಾಳೆ ಕಣ್ಣಿಗೆ ಬಿತ್ತು,
ಇಡೀ ಹಾಡಿಯ ಚೆಕ್ಕುಬಂದಿ:
ಪೂರ್ವಕ್ಕೆ ಅಚ್ಚಯ್ಯನವರ ತೋಟ.
ಪಶ್ಚಿಮಕ್ಕೆ ಸದರಿಯವರ ತೋಟ.
ಉತ್ತರಕ್ಕೆ ಸದರಿ.
ದಕ್ಷಿಣಕ್ಕೆ ತೋಡು, ತೋಡಿನಾಚೆ ಸದರಿ.
ಎರಡೆಕರೆ ಚಿಲ್ಲರೆ. ದಾರಿಯ ಮಾತೇ ಇಲ್ಲ.

ಟೀಚರ್ ಆ ಹಾಳೆ ಎತ್ತಿ ಮೊಯ್ದುವಿನ ಮೂಗಿಗೆ ಹಿಡಿದರು,
ಗೆದ್ದವರ ಹಾಗೆ: “ಓದು! ಇದೂ ಪುಟ ನೂರಾ ಹನ್ನೊಂದೇ.”
ಪಾಲಿ ಕಸಿದುಕೊಂಡಳು.
“ಮಡಚಬೇಡಿ. ಸೂರು ಸೋರಿದ ವರ್ಷ
ಇದನ್ನು ಹೊಟ್ಟೆಗೆ ಕಟ್ಟಿಕೊಂಡು ಮಲಗಿದ್ದೀನಿ.”

ಆಮೇಲೆ, ಸಂಪುಟದ ಮೇಲಿನ ಫೋಟೋ ಗುರುತಿಸಿ,
“ನಮ್ಮ ವಿಷಯ ಬರೆದಿದ್ದಾರಾ?” ಅಂದಳು.
ಓದಿದೆ. ಮರ, ನೆರಳು, ಬಿಸಿಲು, ಒಂದೂ ಬಿಡದೆ.
“ನಾವು ಅದರಲ್ಲಿ ಯಾವುದು?”
“ಗಿಡ.”
ಜೆರಾಕ್ಸಿನ ಬಿಸಿ ಹಾಳೆಯನ್ನು ಊದುತ್ತ ನಿಂತಳು.
“ಕಪಾತು ಮಾಡೋದು ನಾವು,” ಅಂದಳು,
“ಗಿಡಕ್ಕೂ. ಮರಕ್ಕೂ.”

ಎರಡು ರೂಪಾಯಿ ಮೇಜಿನ ಮೇಲಿಟ್ಟು ಹೊರಟಳು,
ತೋಟದ ಗೇಟು ಆರಕ್ಕೆ ಹಾಕುತ್ತಾರೆ.
ಮೊಯ್ದು ಪೇಪರ್ ತಿರುವಿದ. ಟೀಚರ್ ಕೊಡೆ ಹುಡುಕಿದರು.
ಚೀಟಿ ಬರೆಯಲು ಕೂತೆ ನಾನು.
ಪೆನ್ನು ತೆರೆದು ನೋಡಿದರೆ, ಹಸಿರು ಶಾಯಿ.